ಜೀವನಾಂಶ ಕೇಳುವ ಮುಂಚೆ ಖರ್ಚಿನ ಪಟ್ಟಿ ಬರೆಯಿರಿ

ತುಮಕೂರಿನ ನನ್ನ ಆಫೀಸಿಗೆ ಬರುವ ಹೆಣ್ಣುಮಕ್ಕಳು ಕೂರುತ್ತಿದ್ದಂತೆ ಕೇಳುವುದು ಒಂದೇ: "ಮೇಡಂ, ಎಷ್ಟು ಸಿಗುತ್ತೆ?" ಸಂಬಳದ ಕಾಲು ಭಾಗ ಅಂತ ಯಾರೋ ಹೇಳಿ ಕಳಿಸಿರುತ್ತಾರೆ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಗಂದಿದ್ದು ನಿಜ. ಆದರೆ ಎಲ್ಲ ಕೇಸಿಗೂ ಅದೇ ಲೆಕ್ಕ ಅಲ್ಲ. ಗಂಡನ ಆದಾಯ, ಅವನು ಸಾಕಬೇಕಾದವರು, ನಿಮ್ಮ ಓದು, ಕೆಲಸ, ಮಕ್ಕಳು ಯಾರ ಹತ್ತಿರ ಇದ್ದಾರೆ, ಎಲ್ಲ ನೋಡುತ್ತಾರೆ. ನೀವು ದುಡಿಯುತ್ತೀರಿ ಅಂದ ಮಾತ್ರಕ್ಕೆ ಜೀವನಾಂಶ ತಪ್ಪಲ್ಲ.

ಹಿಂದೂ ವಿವಾಹ ಕಾಯ್ದೆಯಲ್ಲಿ ಕೇಸು ನಡೆಯುವಾಗಿನ ಖರ್ಚಿಗೆ ಕಲಂ 24, ಡೈವೋರ್ಸ್ ಆದಮೇಲಿನದಕ್ಕೆ ಕಲಂ 25. ಇವುಗಳಲ್ಲಿ ಗಂಡನೂ ಕೇಳಬಹುದು, ಗೊತ್ತಿರಲಿ! ಜೀವನಾಂಶಕ್ಕೆ ಇನ್ನೊಂದು ದಾರಿ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 125; ಅದು ಈಗ, 2024ರ ಜುಲೈ 1ರಿಂದ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 144. ಇದು ಯಾವ ಧರ್ಮದವರಿಗಾದರೂ ಆಗುತ್ತದೆ. ಡೈವೋರ್ಸ್ ಆಗಿ ಮರುಮದುವೆ ಆಗದಿದ್ದವರೂ ಕೇಳಬಹುದು. ನೀವಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು.

ನಿಜವಾದ ಕೆಲಸ ಇರುವುದು ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಕೋರ್ಟಿಗೆ ಬರೆದುಕೊಡುವ ಹೇಳಿಕೆಯಲ್ಲಿ. ಸುಪ್ರೀಂ ಕೋರ್ಟಿನ 2020ರ ರಜನೇಶ್-ನೇಹಾ ತೀರ್ಪಿನಿಂದ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲ ಬರೆದುಕೊಡಬೇಕು. ಒಬ್ಬರು "ಮನೆ ಖರ್ಚು 20,000" ಅಂತ ಒಂದೇ ಸಾಲು ಬರೆದು ತಂದಿದ್ದರು. ಎದುರು ವಕೀಲರಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು? ಕೂರಿಸಿಕೊಂಡು ಬಿಡಿಸಿದೆ: ಬಾಡಿಗೆ, ಸಿಲಿಂಡರ್, ಹಾಲು, ಮಗನ ಸ್ಕೂಲ್ ವ್ಯಾನ್, ಟ್ಯೂಷನ್, ಅಮ್ಮನ ಬಿಪಿ ಮಾತ್ರೆ, ರೀಚಾರ್ಜು. ಪ್ರತಿಯೊಂದಕ್ಕೂ ರಸೀದಿ ಅಥವಾ ಫೋನ್‌ಪೇ ಹಿಸ್ಟರಿ ಲಗತ್ತಿಸಿದೆವು. ಸುಳ್ಳು ಮಾತ್ರ ಬರೆಯಬೇಡಿ. ಹೊಲಿಗೆಯಿಂದ ನಾಲ್ಕು ಕಾಸು ಬಂದರೂ ಹೇಳಿ, ಸಿಕ್ಕಿಬಿದ್ದರೆ ಉಳಿದದ್ದನ್ನೂ ನಂಬಲ್ಲ. ಗಂಡ "ನನಗೆ ಕೆಲಸವೇ ಇಲ್ಲ" ಅನ್ನುತ್ತಾನಾ? ಅವನ ಸ್ಯಾಲರಿ ಸ್ಲಿಪ್, ಪಹಣಿ, ಗಾಡಿ ನಂಬರ್, ಏನು ಸಿಕ್ಕರೂ ಎತ್ತಿಡಿ.

ಸುಮ್ನೆ ತಡ ಮಾಡಬೇಡಿ. ಹಣ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಫೀಸಿಗೆ ದುಡ್ಡಿಲ್ಲ ಅಂದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಒಪ್ಪಿಗೆಯ ಡೈವೋರ್ಸಿನಲ್ಲಿ ಒಂದೇ ಗಂಟು ತೆಗೆದುಕೊಳ್ಳುವವರು ಕೊನೆಯ ಹೇಳಿಕೆಯ ದಿನ ಡಿಡಿ ಕೈಗೆ ಬರುವಂತೆ ನೋಡಿಕೊಳ್ಳಿ. "ಆಮೇಲೆ ಕೊಡ್ತೀನಿ" ಅನ್ನುವ ಮಾತಿಗೆ ನಾನಂತೂ ಒಪ್ಪಲ್ಲ. ತಿಂಗಳ ಹಣವಾದರೆ ಬ್ಯಾಂಕ್ ಖಾತೆಗೇ ಬರಲಿ.

ಕಂತು ನಿಂತರೆ ಸುಮ್ಮನಿರಬೇಡಿ. 144ರ ಬಾಕಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕೋರ್ಟು ವಾರಂಟ್ ಹೊರಡಿಸುತ್ತದೆ, ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿಬಂದರೂ ಬಾಕಿ ಮಾತ್ರ ಮನ್ನಾ ಆಗಲ್ಲ.