ಹಾತ್ಸುನೆ ಮಿಕುವಿನಿಂದ ಹಾಡಿಸುವ ಕ್ರಮ: ಕಿವಿಯಿಂದ ಬರೆಯುವ ಸಾಹಿತ್ಯ

ಜಪಾನಿನ ಸಪ್ಪೊರೊ ನಗರದಲ್ಲಿ ಹಿರೊಯುಕಿ ಇಟೊ ಅವರು 1995ರಲ್ಲಿ ಆರಂಭಿಸಿದ ಕ್ರಿಪ್ಟಾನ್ ಫ್ಯೂಚರ್ ಮೀಡಿಯಾ ಎಂಬ ಕಂಪನಿಯ ಮೊದಲ ವ್ಯವಹಾರ ಧ್ವನಿ ಸಂಗ್ರಹಗಳದ್ದು. ಸಂಗೀತ ಸಂಯೋಜಕರು ತಮ್ಮ ಕೃತಿಗಳಿಗೆ ಬಳಸಿಕೊಳ್ಳುವ ವಾದ್ಯಗಳ ಮತ್ತು ಸದ್ದುಗಳ ಸ್ಯಾಂಪಲ್‌ಗಳನ್ನು ಅದು ಮಾರುತ್ತಿತ್ತು. 2007ರ ಆಗಸ್ಟ್ 31ರಂದು ಅದೇ ಕಂಪನಿ ಹೊರತಂದ ಹಾತ್ಸುನೆ ಮಿಕು ಎಂಬ ತಂತ್ರಾಂಶವೂ ಮೂಲದಲ್ಲಿ ಇಂಥದೇ ಒಂದು ಸಂಗ್ರಹ: ಹಾಡುವ ಕಂಠವನ್ನು ಕೃತಕವಾಗಿ ಹೊಮ್ಮಿಸಲು ಯಮಾಹಾ ಕಂಪನಿ ರೂಪಿಸಿದ ವೊಕಲಾಯ್ಡ್ ಎಂಜಿನ್ನಿಗಾಗಿ ಸಾಕಿ ಫುಜಿತಾ ಎಂಬ ಧ್ವನಿನಟಿಯ ಕಂಠವನ್ನು ತುಣುಕು ತುಣುಕಾಗಿ ಧ್ವನಿಮುದ್ರಿಸಿ ಜೋಡಿಸಿದ್ದು. ತಂತ್ರಾಂಶದ ಮುಖವಾದ ಮಿಕು ಎಂಬ ಹುಡುಗಿಯ, ನೀಲಿ-ಹಸಿರು ಬಣ್ಣದ ಎರಡು ಉದ್ದ ಜಡೆಗಳ ಚಿತ್ರ ಜಗತ್ಪ್ರಸಿದ್ಧವಾದುದರಿಂದ ಹೊಸದಾಗಿ ಕಲಿಯುವವರು ಅವಳನ್ನು ಗಾಯಕಿಯೆಂದು ಭಾವಿಸಿ, ಸಾಹಿತ್ಯವನ್ನು ಕೊಟ್ಟರೆ ಸಾಕು, ಅವಳೇ ಅರ್ಥಮಾಡಿಕೊಂಡು ಹಾಡುತ್ತಾಳೆಂದು ನಿರೀಕ್ಷಿಸುತ್ತಾರೆ. ಅವಳನ್ನು ವಾದ್ಯವೆಂದೇ ಎಣಿಸಿ ಕೆಲಸ ಶುರುಮಾಡುವುದು ಒಳ್ಳೆಯದು, ಏಕೆಂದರೆ ಪದಗಳ ಅರ್ಥವಾಗಲಿ ಕಾಗುಣಿತದ ರೂಢಿಯಾಗಲಿ ಈ ತಂತ್ರಾಂಶಕ್ಕೆ ತಿಳಿಯದು. ಅದಕ್ಕೆ ಗೊತ್ತಿರುವುದು ಸದ್ದು ಮಾತ್ರ.

ಮೊದಲಿಗೆ ವಾದ್ಯದ ಮಿತಿಯನ್ನು ತಿಳಿದುಕೊಳ್ಳಬೇಕು. 2007ರ ಮೂಲ ಮಿಕುವಿಗೆ ಕಂಪನಿಯು ಸೂಚಿಸಿದ ಲಯದ ವೇಗ ನಿಮಿಷಕ್ಕೆ 70ರಿಂದ 150 ಬಡಿತ, ಸ್ವರವ್ಯಾಪ್ತಿ ಪಾಶ್ಚಾತ್ಯ ಸ್ವರನಾಮಗಳಲ್ಲಿ ಎ3ರಿಂದ ಇ5ರವರೆಗೆ. ಇದನ್ನು ಮೀರಿದರೆ ತಂತ್ರಾಂಶವೇನೂ ತಡೆಯುವುದಿಲ್ಲ. ಆದರೆ ತಗ್ಗಿನ ಸ್ವರಗಳಲ್ಲಿ ಕಂಠ ಮಂಕಾಗುತ್ತದೆ, ಅತಿವೇಗದಲ್ಲಿ ವ್ಯಂಜನಗಳು ನುಂಗಿಹೋಗುತ್ತವೆ. ರಾಗ ಸಿದ್ಧವಾದ ಮೇಲೆ ಕಂಠವನ್ನು ಅದಕ್ಕೆ ಹೊಂದಿಸಲು ಹೆಣಗುವುದಕ್ಕಿಂತ, ಶ್ರುತಿಯನ್ನೇ ಒಂದೆರಡು ಮೆಟ್ಟಿಲು ಏರಿಸುವುದೋ ಇಳಿಸುವುದೋ ಸುಲಭ. ಮೃದುವಾದ ಅಥವಾ ಗಾಢವಾದ ಧ್ವನಿ ಬೇಕಾದವರಿಗೆ 2010ರ ಅಪೆಂಡ್ ಆವೃತ್ತಿಯಲ್ಲಿ ಅದೇ ಕಂಠದ 6 ಬಗೆಗಳು ಬಂದವು. 2016ರ ವಿ4ಎಕ್ಸ್ ಆವೃತ್ತಿಯವರೆಗೆ ಯಮಾಹಾದ ಎಂಜಿನ್ನೇ ಇತ್ತು. 2020ರ ಎನ್‌ಟಿ ಆವೃತ್ತಿಯಲ್ಲಿ ಕ್ರಿಪ್ಟಾನ್ ತನ್ನದೇ ಎಂಜಿನ್ ಬಳಸಿತು. ಇಲ್ಲಿ ಹೇಳುವ ನಿಯಂತ್ರಕಗಳ ಹೆಸರು ಮತ್ತು ಅಂಕಿಗಳು ವೊಕಲಾಯ್ಡ್ ಪೀಳಿಗೆಯವು.

ಇನ್ನು ಸಾಹಿತ್ಯವನ್ನು ತುಂಬುವ ಕೆಲಸ. ಸಂಪಾದಕದ ಪರದೆಯಲ್ಲಿ ಎಡಗಡೆ ಪಿಯಾನೋದ ಮನೆಗಳು, ಬಲಗಡೆ ಕಾಲದ ಚೌಕಳಿ ಇರುತ್ತವೆ. ಪ್ರತಿ ಸ್ವರಕ್ಕೂ ಒಂದು ಪಟ್ಟಿ ಎಳೆದು ಅದರ ಮೇಲೆ ಒಂದು ಅಕ್ಷರ ಬರೆಯಬೇಕು. ‘ಕೊನ್ನಿಚಿವ’ ಎಂಬ ಜಪಾನಿ ವಂದನೆಯನ್ನೇ ತೆಗೆದುಕೊಳ್ಳಿ. ಜಪಾನಿ ಲಿಪಿಯಲ್ಲಿ ಇದು ಕೊ, ನ್, ನಿ, ಚಿ, ಹ ಎಂಬ 5 ಅಕ್ಷರಗಳು. ಛಂದಸ್ಸು ಓದಿದ ಕನ್ನಡಿಗರಿಗೆ ಲೆಕ್ಕ ಕಷ್ಟವಾಗದು: ಒತ್ತಕ್ಷರದ ಹಿಂದಿನ ‘ಕೊ’ ಗುರುವಾಗಿ 2 ಮಾತ್ರೆ, ಉಳಿದ ಮೂರೂ ಲಘು, ಒಟ್ಟು 5 ಮಾತ್ರೆ. ಜಪಾನಿಯೂ ಹಾಗೆಯೇ ಎಣಿಸುತ್ತದೆ, ಆದರೆ ಆ ಅರೆ ‘ನ್’ಗೆ ಅಲ್ಲಿ ತನ್ನದೇ ಪಟ್ಟಿಯನ್ನೂ ಬೇಕಾದರೆ ತನ್ನದೇ ಸ್ವರವನ್ನೂ ಕೊಡಲಾಗುತ್ತದೆ. ಕೊನೆಯ ಅಕ್ಷರದಲ್ಲಿ ಒಂದು ಬಲೆಯಿದೆ. ಬರೆಯುವುದು ‘ಹ’, ಓದುವುದು ‘ವ’. ಪುಸ್ತಕದಲ್ಲಿದ್ದಂತೆ ‘ಹ’ ಎಂದೇ ತುಂಬಿದರೆ ಮಿಕು ಎಳ್ಳಷ್ಟೂ ಅನುಮಾನಿಸದೆ ‘ಕೊನ್ನಿಚಿಹ’ ಎಂದು ಹಾಡಿಬಿಡುತ್ತಾಳೆ. ಆದ್ದರಿಂದ ಅಲ್ಲಿ ‘ವ’ ಅಕ್ಷರವನ್ನೇ ಬರೆಯಬೇಕು.

ಆ ‘ನ್’ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡುವುದು ಅಗತ್ಯ. ನಮ್ಮ ಸೊನ್ನೆ ಕಂಬದಲ್ಲಿ ‘ಮ್’ ಆಗಿ, ತಂತಿಯಲ್ಲಿ ‘ನ್’ ಆಗಿ, ಅಂಕದಲ್ಲಿ ‘ಙ್’ ಆಗಿ ಮುಂದಿನ ವ್ಯಂಜನದ ವರ್ಗವನ್ನು ಅನುಸರಿಸುವಂತೆ, ಜಪಾನಿನ ಈ ಅಕ್ಷರವೂ ‘ಸೆಂಪೈ’ ಎಂಬಲ್ಲಿ ತುಟಿ ಮುಚ್ಚುತ್ತದೆ, ‘ಗೆಂಕಿ’ ಎಂಬಲ್ಲಿ ಗಂಟಲಿನತ್ತ ಸರಿಯುತ್ತದೆ. ಅಕ್ಷರದ ಜೊತೆಗೆ ಕಾಣುವ ಧ್ವನಿಚಿಹ್ನೆಯನ್ನು ತೆರೆದರೆ ಈ ಬಗೆಗಳಿಗೆ ಬೇರೆ ಬೇರೆ ಸಂಕೇತಗಳಿರುವುದು ತಿಳಿಯುತ್ತದೆ. ತಂತ್ರಾಂಶದ ಆಯ್ಕೆ ಕಿವಿಗೆ ಒಪ್ಪದಿದ್ದಲ್ಲಿ ಕೈಯಾರೆ ತಿದ್ದಬಹುದು. ಜಪಾನಿ ಬಲ್ಲವರೂ ಎಡವುವ ಈ ಜಾಗದಲ್ಲಿ ವರ್ಗೀಯ ವ್ಯಂಜನಗಳನ್ನು ಸಾಲಾಗಿ ಕಲಿತವರಿಗೆ ಅನುಕೂಲವೇ ಹೆಚ್ಚು.

ವೊಕಲಾಯ್ಡ್ ಬಿಡಿ ಅಕ್ಷರಗಳನ್ನಷ್ಟೇ ಪೋಣಿಸುವುದಿಲ್ಲ, ಒಂದು ಧ್ವನಿಯಿಂದ ಮತ್ತೊಂದಕ್ಕೆ ಜಾರುವ ಸಂಧಿಸ್ಥಾನದ ತುಣುಕುಗಳನ್ನು ಪೋಣಿಸುತ್ತದೆ. ಜಪಾನಿಗೆ ಧ್ವನಿಮುದ್ರಿಸುವ ಒಂದೊಂದು ಸ್ವರಮಟ್ಟಕ್ಕೆ ಸುಮಾರು 500 ತುಣುಕುಗಳು ಸಾಕಾದರೆ, ಇಂಗ್ಲಿಷಿಗೆ 2,500ರಷ್ಟು ಬೇಕಾಗುತ್ತವೆ. ಜಪಾನಿ ಸಂಗ್ರಹದಿಂದ ಇಂಗ್ಲಿಷ್ ಸಾಲು ಹಾಡಿಸಿದಾಗ ಪ್ರತಿ ವ್ಯಂಜನಕ್ಕೂ ಸ್ವರವೊಂದು ಅಂಟಿಕೊಂಡಂತೆ ಕೇಳಿಸಲು ಇದೇ ಕಾರಣ. ಅದು ನಿಮ್ಮ ತಪ್ಪಲ್ಲ, ಸಂಗ್ರಹದಲ್ಲಿ ಆ ತುಣುಕು ಇಲ್ಲ.

ಕಾಲದ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಒಳ್ಳೆಯ ಗಾಯಕರು ‘ಸ’ ಎಂಬುದನ್ನು ತಾಳಕ್ಕೆ ಸರಿಯಾಗಿ ಹಾಡಿದಾಗ ತಾಳದ ಮೇಲೆ ಬೀಳುವುದು ಅಕಾರ. ‘ಸ್’ ಎಂಬ ಸುಯ್ಯುವಿಕೆ ಅದಕ್ಕೂ ಮುಂಚೆಯೇ ಆರಂಭವಾಗಿರುತ್ತದೆ. ತಂತ್ರಾಂಶವೂ ಇದನ್ನೇ ಪಾಲಿಸುವುದರಿಂದ ಹಾಡಿನ ಮೊದಲ ಪಟ್ಟಿಯನ್ನು ಕಾಲರೇಖೆಯ ಆರಂಭದಲ್ಲೇ ಇಟ್ಟರೆ ವ್ಯಂಜನಕ್ಕೆ ಜಾಗವಿಲ್ಲದೆ ಕತ್ತರಿಸಿಹೋಗಬಹುದು. ಮೊದಲ ಒಂದು ಆವರ್ತವನ್ನು ಖಾಲಿ ಬಿಡಿ. ವ್ಯಂಜನದ ಉದ್ದವನ್ನು ವೆಲಾಸಿಟಿ ಎಂಬ ನಿಯಂತ್ರಕ ನಿರ್ಧರಿಸುತ್ತದೆ. ಅದರ ಸಹಜ ಮೌಲ್ಯ 64, ಏರಿಸಿದಷ್ಟೂ ವ್ಯಂಜನ ಚಿಕ್ಕದಾಗುತ್ತದೆ. ಕೀಬೋರ್ಡ್ ವಾದಕರು ಇದನ್ನು ದನಿಯ ಜೋರು ಎಂದು ತಿಳಿದು ಮೋಸಹೋಗುತ್ತಾರೆ. ಜೋರಿಗೆ ಡೈನಮಿಕ್ಸ್ ಎಂಬ ಬೇರೆ ರೇಖೆಯಿದೆ.

ಉಳಿದ ನಿಯಂತ್ರಕಗಳಲ್ಲಿ ಬ್ರೆತಿನೆಸ್ ಉಸಿರಿನ ಅಂಶವನ್ನು, ಬ್ರೈಟ್‌ನೆಸ್ ಹೊಳಪನ್ನು ಹೆಚ್ಚಿಸುತ್ತದೆ. ಜೆಂಡರ್ ಅಂಶವನ್ನು ಏರಿಸಿದರೆ ಕಂಠ ಪ್ರೌಢವಾಗಿ, ಇಳಿಸಿದರೆ ಎಳೆಯದಾಗಿ ಕೇಳಿಸುತ್ತದೆ. ಮೊದಲ ದಿನವೇ ಎಲ್ಲವನ್ನೂ ತಿರುಗಿಸುವ ಚಪಲವನ್ನು ತಡೆದುಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಶೇಕಡಾ ತೊಂಬತ್ತು ಕೃತಕತೆ ಹೋಗುವುದು ಶ್ರುತಿರೇಖೆಯಿಂದಲೇ: ಉದ್ದ ಸ್ವರದ ಆರಂಭದಲ್ಲಿ ಸ್ವಲ್ಪ ಕೆಳಗಿನಿಂದ ಮೇಲಕ್ಕೆ ಜಾರಿಸಿ, ಕಂಪನವನ್ನು ಸ್ವರದ ಉತ್ತರಾರ್ಧದಲ್ಲಿ ಮಾತ್ರ ಇಟ್ಟು, ಸಾಲು ಮುಗಿಯುವಲ್ಲಿ ಡೈನಮಿಕ್ಸ್ ಇಳಿಸಿ, ಮುಂದಿನ ಸಾಲಿಗೆ ಮುನ್ನ ಮನುಷ್ಯರು ಉಸಿರೆಳೆದುಕೊಳ್ಳುವಷ್ಟು ತೆರಪು ಬಿಟ್ಟರೆ ಹಾಡಿಗೆ ಜೀವ ಬರುತ್ತದೆ. ಈ ತಿದ್ದುವಿಕೆಯನ್ನೆಲ್ಲ ಪ್ರತಿಧ್ವನಿಯ ಎಫೆಕ್ಟ್ ಮುಚ್ಚಿಟ್ಟೇ ಮಾಡಬೇಕು, ಇಲ್ಲದಿದ್ದರೆ ಅದು ದೋಷಗಳನ್ನೆಲ್ಲ ಮರೆಸಿಬಿಡುತ್ತದೆ. ಕಂಠ ಎರಡಾಗಿ ಕೇಳಬೇಕೆಂದು ಅದೇ ಧ್ವನಿಕಡತವನ್ನು ನಕಲು ಮಾಡಿ ಮೇಲೊಂದಿಟ್ಟರೆ ಸದ್ದು ಜೋರಾಗುವುದಷ್ಟೇ. ಎರಡನೆಯದರಲ್ಲಿ ಜೆಂಡರ್ ಅಂಶವನ್ನೂ ಸ್ವರಗಳ ಆರಂಭಕಾಲವನ್ನೂ ತುಸು ಬದಲಿಸಿ ಹೊಸದಾಗಿ ಹಾಡಿಸಿಕೊಳ್ಳಬೇಕು.

ಹಾಡು ಮುಗಿದು ಪ್ರಕಟಿಸುವ ಹಂತಕ್ಕೆ ಬಂದಾಗ ಕಂಠಕ್ಕೂ ಪಾತ್ರಕ್ಕೂ ಬೇರೆ ಬೇರೆ ನಿಯಮಗಳಿರುವುದನ್ನು ಗಮನಿಸಬೇಕು. ತಂತ್ರಾಂಶ ಕೊಂಡವರು ಅದರಿಂದ ಹಾಡಿಸಿದ ಹಾಡನ್ನು ಮಾರಾಟಕ್ಕೂ ಬಿಡಬಹುದು. ಆದರೆ ಮಿಕುವಿನ ಚಿತ್ರವನ್ನು ಆಲ್ಬಮ್ಮಿನ ಹೊದಿಕೆಯ ಮೇಲೆ ಹಾಕಿ ಅಥವಾ ಅವಳ ಹೆಸರನ್ನೇ ಗಾಯಕಿಯೆಂದು ಮುಂದಿಟ್ಟು ಹಣ ಮಾಡುವುದಾದರೆ ಕ್ರಿಪ್ಟಾನ್‌ನಿಂದ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಲಾಭದ ಉದ್ದೇಶವಿಲ್ಲದ ಚಿತ್ರಗಳಿಗೆ ಕಂಪನಿಯ ಪಿಯಾಪ್ರೊ ಪಾತ್ರ ಪರವಾನಗಿ ಸಾಕಷ್ಟು ಅವಕಾಶ ಕೊಟ್ಟಿದೆ. ಅನುಮತಿ ಕೇಳುವ ಆಲೋಚನೆಯಿದ್ದರೆ ಹೊದಿಕೆ ಬರೆಸುವ ಮೊದಲೇ ಕೇಳುವುದು ಕ್ಷೇಮ.