ಮೊದಲ ಸಾಲಿಗೆ ಸಿಕ್ಕಿದ ಮಾರಿಕಣಿವೆ

“ನೀರು ಸಕಲ ಜೀವಿಗಳಿಗೂ ಅತ್ಯಗತ್ಯ.” ನನ್ನ ಮೊದಲ ಸಂಶೋಧನಾ ಲೇಖನ ಶುರುವಾಗಿದ್ದು ಹೀಗೆ. ಹಿರಿಯೂರು ಹತ್ತಿರದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯದ ಅಚ್ಚುಕಟ್ಟಿನ ರೈತರು ನೀರು ನೋಡಿಕೊಂಡು ಬೆಳೆ ಹೇಗೆ ಬದಲಿಸುತ್ತಾರೆ ಅನ್ನುವುದು ವಿಷಯ. ಚಿತ್ರದುರ್ಗದ ನಮ್ಮ ಮನೆಯ ಮಹಡಿಯಲ್ಲಿ ಕೂತು ಆ ಒಂದು ಸಾಲಿಗೆ ಎರಡು ದಿನ ತಗೊಂಡಿದ್ದೆ. ಗೈಡ್ ಮೇಡಂ ಓದಿದರು. ಆಮೇಲೆ ಕೈಯಿಂದ ಶೀರ್ಷಿಕೆ ಮುಚ್ಚಿ, “ಈಗ ಹೇಳಮ್ಮ, ಇದು ಯಾವ ಲೇಖನ? ಮೀನು ಸಾಕಣೆದಾ, ಕಾಲರಾದ್ದಾ?” ಅಂದರು. ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ.

ಗಮನ ಸೆಳೆಯಬೇಕು ಅಷ್ಟೇ ತಾನೇ ಅಂತ ಮುಂದಿನ ಸಲ ಓಬವ್ವನನ್ನು ಕರೆತಂದೆ. ದುರ್ಗದವರ ಚಟ ಅದು, ಏನು ಬರೆದರೂ ಒನಕೆ ಬಂದುಬಿಡುತ್ತದೆ. ಅವಳು ನೀರಿಗೆ ಹೋದಾಗಲೇ ಅಲ್ವಾ ಕಿಂಡಿಯಲ್ಲಿ ಶತ್ರುಗಳನ್ನು ಕಂಡಿದ್ದು, ನೀರಿನ ಸಂಬಂಧ ಇದೆಯಲ್ಲ ಅನ್ನುವುದು ನನ್ನ ವಾದ. ಮೇಡಂ ಕೇಳಿದ್ದು ಒಂದೇ ಮಾತು. “ಎರಡನೇ ಪ್ಯಾರಾದಲ್ಲಿ ಓಬವ್ವ ಏನು ಮಾಡ್ತಾಳೆ?” ಏನೂ ಮಾಡುತ್ತಿರಲಿಲ್ಲ. ತೆಗೆದೆ.

ಆಮೇಲೆ ಮೊದಲ ಸಾಲಿನ ಗೊಡವೆಯೇ ಬೇಡ ಅಂತ ಬಿಟ್ಟೆ. ವಿಧಾನ, ಫಲಿತಾಂಶ, ಚರ್ಚೆ ಎಲ್ಲ ಬರೆದು ಮುಗಿಸಿದೆ. ಕೊನೆಗೆ ನೋಟ್‌ಬುಕ್ ತಿರುವುವಾಗ ಹಿರಿಯೂರು ಕಡೆಯ ಅಜ್ಜರೊಬ್ಬರ ಮಾತು ಕಣ್ಣಿಗೆ ಬಿತ್ತು. “ಮಾರಿಕಣಿವೆ ಕೋಡಿ ಬಿದ್ದಿದ್ದು ನಮ್ಮಪ್ಪ ನೋಡಿದ್ದ ಕಣವ್ವ, ಆಮೇಲೆ ನಾನೇ ನೋಡಿದ್ದು.” ಅದನ್ನೇ ಹಿಡಿದು ಬರೆದೆ: “1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ.” ಇದರಲ್ಲಿ ಅಲಂಕಾರ ಏನೂ ಇಲ್ಲ. ಆದರೆ ಅಷ್ಟೂ ವರ್ಷ ರೈತರು ಏನು ಮಾಡಿದರು ಅಂತ ಓದುವವರೇ ಕೇಳಿಕೊಳ್ಳುತ್ತಾರೆ.

ಇಲ್ಲೂ ಎಡವಿದೆ. ಜೋಶ್ ಜಾಸ್ತಿಯಾಗಿ ಎರಡನೇ ಸಾಲಿನಲ್ಲಿ “ಅಲ್ಲಿಯವರೆಗೂ ಜಲಾಶಯ ಒಣಗಿತ್ತು” ಅಂತ ಬರೆದಿದ್ದೆ. ಅದು ಸುಳ್ಳು. ನೀರು 130 ಅಡಿಗೆ ಬಂದರೆ ಕೋಡಿ, ಅದಕ್ಕಿಂತ ಕೆಳಗೆ ನೀರು ಏರುತ್ತ ಇಳಿಯುತ್ತ ಇದ್ದೇ ಇತ್ತು. 2022ರ ಹೊತ್ತಿಗೆ ಭದ್ರಾ ನೀರೂ ಬಂದು ಸೇರುತ್ತಿತ್ತು, ಹಾಗಾಗಿ ಮಳೆಯೊಂದೇ ಕಾರಣ ಅನ್ನುವಂತೆಯೂ ಇರಲಿಲ್ಲ. ಮೊದಲ ಸಾಲು ಚೆನ್ನಾಗಿ ಬಂದಾಗಲೇ ಎರಡನೆಯದರಲ್ಲಿ ಕೈ ಜಾರುವುದು ಅಂತ ನನಗನಿಸಿದೆ.

ಭಾಷಾ ವಿದ್ವಾಂಸ ಜಾನ್ ಸ್ವೇಲ್ಸ್ ಪೀಠಿಕೆಗೆ ಮೂರು ಹೆಜ್ಜೆ ಹೇಳುತ್ತಾರೆ. ವಿಷಯ ಎಲ್ಲಿದೆ ತೋರಿಸು, ಅಲ್ಲಿ ಏನು ಬಾಕಿ ಇದೆ ಹೇಳು, ನಿನ್ನ ಕೆಲಸವನ್ನು ಆ ಜಾಗದಲ್ಲಿ ಕೂರಿಸು. ನನ್ನಲ್ಲಿ ಎರಡನೆಯದು ಕಾಣೆಯಾಗಿತ್ತು. ಕೊನೆಗೆ ಹೀಗೆ ತಿದ್ದಿದೆ: “ಈ ನಡುವೆ ನೀರಿನ ಮಟ್ಟ ಏರಿಳಿದ ಲೆಕ್ಕ ಸಿಗುತ್ತದೆ. ಅದಕ್ಕೆ ತಕ್ಕಂತೆ ರೈತರು ಬೆಳೆ ಬದಲಿಸಿದ ಲೆಕ್ಕ ಸಿಗುವುದು ಕಡಿಮೆ.”

ಈ ಸಲ ಮೇಡಂ ಶೀರ್ಷಿಕೆ ಮುಚ್ಚಲಿಲ್ಲ. ಸೀದಾ ನಾಲ್ಕನೇ ಪುಟ ತೆಗೆದು ಕೋಷ್ಟಕದಲ್ಲಿ ತಪ್ಪು ಹುಡುಕತೊಡಗಿದರು.