ಬರಾಕ್‌ಗಿಂತ ಮಾಲಿಯಾ ಮುಂದೆ: ಹೆಸರಿನ ಪಟ್ಟಿ ಹಿಡಿದು ಹುಡುಕಿದಾಗ ಕಂಡದ್ದು

ದೊಡ್ಡ ನಾಯಕರೊಬ್ಬರು ಬಂದರೆ ಊರ ತುಂಬ ಮಕ್ಕಳಿಗೆ ಅವರದೇ ಹೆಸರಿಡುತ್ತಾರೆ ಅಂತ ಎಲ್ಲರೂ ಹೇಳುತ್ತೇವೆ. ಸುಭಾಷ್, ಜವಾಹರ್, ಇಂದಿರಾ ಅಂದ ಕೂಡಲೇ ಅವರು ಹುಟ್ಟಿದ ಕಾಲವನ್ನೂ ಊಹಿಸಿಬಿಡುತ್ತೇವೆ. ಇದನ್ನು ಅಂಕಿ ಇಟ್ಟುಕೊಂಡು ನೋಡಬೇಕು ಅನ್ನೋದು ನನ್ನ ಆಸೆ. ನಮ್ಮಲ್ಲಿ ಅದು ಕಷ್ಟ. ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು ಎರಡೂ ಇರುತ್ತವೆ, ಆದರೆ ತೀರಿಕೊಂಡವರು ಇರುವುದಿಲ್ಲ, 18 ತುಂಬದವರೂ ಇರುವುದಿಲ್ಲ. ಹಾಗಾಗಿ ಅಮೆರಿಕದ ಪಟ್ಟಿ ಹಿಡಿದೆ.

ಅಲ್ಲಿ ಪಿಂಚಣಿಯಂಥ ಸೌಲಭ್ಯ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚೆಗೆ ಹುಟ್ಟಿದವರ ಹೆಸರುಗಳನ್ನು ವರ್ಷಕ್ಕೊಂದು ಫೈಲ್‌ನಂತೆ ಪುಕ್ಕಟೆ ಕೊಡುತ್ತದೆ. ಒಂದೊಂದು ಸಾಲಿನಲ್ಲಿ ಹೆಸರು, ಗಂಡೋ ಹೆಣ್ಣೋ, ಎಷ್ಟು ಮಕ್ಕಳು, ಇಷ್ಟೇ. ವರ್ಷದಲ್ಲಿ 5 ಮಕ್ಕಳಿಗಿಂತ ಕಡಿಮೆ ಇದ್ದ ಹೆಸರನ್ನು ಬಿಟ್ಟಿರುತ್ತಾರೆ. ಎಲ್ಲ ಫೈಲ್ ಸೇರಿಸಿದರೆ ಎಕ್ಸೆಲ್‌ನ ಹತ್ತು ಲಕ್ಷ ಚಿಲ್ಲರೆ ಸಾಲುಗಳಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಳಸಿದೆ.

ಸುಮ್ನೆ ಸಂಖ್ಯೆ ನೋಡಿದರೆ ದಾರಿ ತಪ್ಪುತ್ತದೆ. 1930ರ ದಶಕದಲ್ಲಿ ಅಲ್ಲಿ ಹೆರಿಗೆಗಳೇ ಕಡಿಮೆ, 1957ರಲ್ಲಿ ಹುಟ್ಟಿದವರು ಸುಮಾರು 43 ಲಕ್ಷ. ಜೊತೆಗೆ ಈ ಇಲಾಖೆಯ ನೋಂದಣಿ ಶುರುವಾದದ್ದೇ 1936ರ ಕೊನೆಯಲ್ಲಿ. ಅದಕ್ಕಿಂತ ಮುಂಚೆ ಹುಟ್ಟಿದ ಎಷ್ಟೋ ಜನ ನೋಂದಣಿಗೆ ಅರ್ಜಿಯನ್ನೇ ಹಾಕಿಲ್ಲ. ಅದಕ್ಕಾಗಿ ಆ ವರ್ಷದ ಹತ್ತು ಸಾವಿರ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಅಂತ ಲೆಕ್ಕ ಹಾಕಿದೆ.

ಮೊದಲು ನೋಡಿದ್ದು ಫ್ರಾಂಕ್ಲಿನ್. ಫ್ರಾಂಕ್ಲಿನ್ ರೂಸ್ವೆಲ್ಟ್ ಅಧ್ಯಕ್ಷರ ಚುನಾವಣೆಯನ್ನು 1932ರ ನವೆಂಬರಿನಲ್ಲಿ ಗೆದ್ದರು, 1933ರ ಮಾರ್ಚಿನಲ್ಲಿ ಅಧಿಕಾರಕ್ಕೆ ಬಂದರು. ಹೆಸರು 1932ರಲ್ಲೇ ಏರಿದೆ, 1933ರಲ್ಲಿ ಇನ್ನೂ ಮೇಲೆ ಹೋಗಿದೆ. ಆಮೇಲೆ ಅವರು ಮತ್ತೆ ಮೂರು ಸಲ ಗೆದ್ದರೂ ಹೆಸರು ಕೆಳಗಿಳಿಯಿತು. ಅಂದರೆ ಹೆಸರು ಚಿಗುರುವುದು ಭರವಸೆಯ ಹೊತ್ತಿನಲ್ಲಿ. ಆಡಳಿತ ಹೇಗಿತ್ತು ಅನ್ನೋದಕ್ಕೂ ಅದಕ್ಕೂ ಅಷ್ಟು ಸಂಬಂಧ ಕಾಣಲಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಒಬಾಮಾ ಮನೆಯ ಹೆಸರುಗಳು. 2007ರ ಫೈಲ್‌ನಲ್ಲಿ ಬರಾಕ್ ಅನ್ನೋ ಗಂಡುಮಕ್ಕಳು 5, 2008ರಲ್ಲಿ 52. ಹತ್ತು ಪಟ್ಟು ಏರಿತು ಅಂತ ತಲೆಬರಹ ಕೊಡಬಹುದು. ಆದರೆ ಆ ವರ್ಷ ಹುಟ್ಟಿದ ಗಂಡುಮಕ್ಕಳು 20 ಲಕ್ಷಕ್ಕೂ ಜಾಸ್ತಿ. ಅಷ್ಟರಲ್ಲಿ 52 ಎಲ್ಲಿ ಕಾಣುತ್ತದೆ? ಅದೇ ಅವರ ದೊಡ್ಡ ಮಗಳ ಹೆಸರು ಮಾಲಿಯಾ, ಹುಡುಗಿಯರ ಹೆಸರುಗಳ ಸಾಲಿನಲ್ಲಿ 2009ರಲ್ಲಿ ಒಂದೇ ಏಟಿಗೆ 345 ಸ್ಥಾನ ಮೇಲೇರಿ 191ಕ್ಕೆ ಬಂತು. ಅಧ್ಯಕ್ಷ ಜಾನ್ ಕೆನಡಿ ಕಾಲದಲ್ಲೂ ಹೀಗೇ. 1961ರಲ್ಲಿ ಅವರ ಹೆಂಡತಿಯ ಹೆಸರು ಜಾಕ್ವೆಲಿನ್ ಏರಿದೆ. ಜಾನ್ ಅಂತೂ ಮೊದಲೇ ಮನೆಮನೆಯ ಹೆಸರು, ಅದರಲ್ಲಿ ಕೆನಡಿಯವರ ಪಾಲು ಎಷ್ಟು ಅಂತ ಬೇರ್ಪಡಿಸಲು ಆಗಲ್ಲ.

ನನಗೆ ಅನ್ನಿಸುವುದು ಇಷ್ಟು. ನಾಯಕರ ಹೆಸರು ಇಟ್ಟರೆ ಮಗು ಒಂದು ಪಕ್ಷದ ಗುರುತು ಹೊತ್ತಂತೆ. ಅಂಥ ಭಾರ ಮಗುವಿನ ಮೇಲೆ ಹಾಕಲು ಅಪ್ಪ ಅಮ್ಮ ಹಿಂಜರಿಯುತ್ತಾರೆ. ಮಗಳ ಹೆಸರು ಹಾಗಲ್ಲ, ಟೀವಿಯಲ್ಲಿ ಕೇಳಿ ಇಷ್ಟವಾದರೆ ಸಾಕು. ಹೆಣ್ಣುಮಕ್ಕಳ ಹೆಸರಲ್ಲಿ ಹೊಸದನ್ನು ಹುಡುಕುವವರೂ ಜಾಸ್ತಿ ಅಲ್ವಾ?

ಏರಿದ ವರ್ಷ ಯಾವುದು ಅಂತ ನೋಡದೆ ಯಾವ ನಾಯಕರಿಗೂ ಹೆಸರಿನ ಕೀರ್ತಿ ಕೊಡಬೇಡಿ. ರೇಗನ್ 1981ರಿಂದ 1989ರವರೆಗೆ ಅಧ್ಯಕ್ಷರು. ಆದರೆ ಹುಡುಗಿಯರ ಹೆಸರಾಗಿ ರೇಗನ್ ಮೇಲೆ ಬಂದದ್ದು 1990ರ ದಶಕದಲ್ಲಿ, ಮನೆತನದ ಹೆಸರುಗಳನ್ನು ಹುಡುಗಿಯರಿಗಿಡುವ ರೂಢಿಯ ಜೊತೆಗೆ.

ಬೀಳುವುದನ್ನು ನೋಡಲು ಹಿಲರಿ ತೆಗೆಯಿರಿ. 1992ರವರೆಗೆ ಏರುತ್ತಿದ್ದ ಹೆಸರು, ಹಿಲರಿಯವರ ಗಂಡ ಬಿಲ್ ಕ್ಲಿಂಟನ್ ಅಧ್ಯಕ್ಷರಾಗಿ ಅಧಿಕಾರಕ್ಕೆ ಬಂದ 1993ರಲ್ಲಿ ದಬಕ್ಕನೆ ಕುಸಿಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಕಾಗುಣಿತ ಇವೆ, ಎಲ್ ಅಕ್ಷರ ಒಂದಿರುವುದು, ಎರಡಿರುವುದು. ಹಿಲರಿ ಕ್ಲಿಂಟನ್ ಬರೆಯುವುದು ಎರಡರದ್ದು. ಎರಡನ್ನೂ ಬೇರೆ ಬೇರೆ ನೋಡಿದೆ, ಒಂದರದ್ದೂ ಜೊತೆಗೇ ಬಿದ್ದಿದೆ. ಇಂಥ ಕಡೆ ನಾಯಕರ ಮನೆಯ ಪ್ರಭಾವ ಅಂತ ಧೈರ್ಯವಾಗಿ ಹೇಳಬಹುದು.

ಕ್ಲಿಂಟನ್ ಮಗಳು ಚೆಲ್ಸಿಯ ವಿಷಯ ಮಾತ್ರ ಇನ್ನೂ ಬಿಡಿಸಿಲ್ಲ. ಅದೂ 1992ರಲ್ಲೇ ತುದಿ ಮುಟ್ಟಿ ಇಳಿದಿದೆ. ಆದರೆ 1980ರ ದಶಕದಿಂದಲೇ ಅದು ಎಲ್ಲರ ಬಾಯಲ್ಲಿದ್ದ ಹೆಸರು. ಹಾಗಾಗಿ ಜನರಿಗೆ ಸಾಕಾಗಿ ಇಳಿಯಿತೋ, ಶ್ವೇತಭವನದಿಂದಾಗಿ ಇಳಿಯಿತೋ ಅಂತ ತೀರ್ಮಾನಿಸಲು, ಅದೇ ಕಾಲದಲ್ಲಿ ಏರಿದ ಕೆಲ್ಸಿ, ಲಿಂಡ್ಸಿಯಂಥ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ.